ಸಂಡೂರು ಬಿಳಿ

ಬಿಳಿ ಅಂದರೆ ಬಿಳಿ, ಅದರಲ್ಲಿ ಹೊಂದಿಸುವುದೇನಿದೆ ಅನ್ನುವವರು ಹೊಸಪೇಟೆಯ ಪೇಂಟರ್ ಹುಸೇನಪ್ಪನ ಮುಂದೆ ಆ ಮಾತು ಆಡಿ ನೋಡಬೇಕಿತ್ತು. ಬೈಸಿಕೊಳ್ಳದೆ ಮನೆಗೆ ಹೋಗುತ್ತಿರಲಿಲ್ಲ. "ಬಿಳೀನಂತ ಬಿಳಿ! ಯಾ ಊರ ಬಿಳಿ, ಅದನ್ನ ಹೇಳ್ರಿ ಮೊದ್ಲ" ಎಂದು ಮೇಲೇ ಬೀಳುತ್ತಿದ್ದ. ಅವನ ಪ್ರಕಾರ ಕಂಪ್ಲಿಯ ಗದ್ದೆ ಬದಿಯಲ್ಲಿ ನಿಂತ ಕಾರಿನ ಬಿಳಿ ಬೇರೆ, ಹಂಪಿಯಲ್ಲಿ ಪ್ರವಾಸಿಗರನ್ನು ಕಾಯುತ್ತ ಬಿಸಿಲಿಗೆ ಬೆಂದ ಟ್ಯಾಕ್ಸಿಯ ಬಿಳಿ ಬೇರೆ. ಇನ್ನು ಸಂಡೂರು ಕಡೆಯ ಕಾರುಗಳನ್ನು ಬಿಳಿ ಅಂತ ಕರೆಯುವುದೇ ತಪ್ಪು. ಅದಿರಿನ ಕೆಂಪು ಧೂಳು ವರ್ಷಗಟ್ಟಲೆ ಮೈಮೇಲೆ ಕೂತು, ಬಿಸಿಲಿಗೆ ಕಾದು, ಬಣ್ಣದ ಒಳಕ್ಕೇ ಇಳಿದಿರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಅಂಥ ಕಾರಿಗೆ ಕಂಪನಿ ಡಬ್ಬದ ಬಿಳಿಯನ್ನೇ ತಂದು ಬಳಿದರೆ ತೊನ್ನು ಹತ್ತಿದ ಹಾಗೆ ಕಾಣುತ್ತದೆ. ಹುಸೇನಪ್ಪ ಆ ಬಿಳಿಗೆ ಒಂದು ಹನಿ ಕೆಂಪು ಬೆರೆಸುತ್ತಿದ್ದ. ಅದಕ್ಕೆ ಅವನೇ ಇಟ್ಟ ಹೆಸರು ಸಂಡೂರು ಬಿಳಿ.

ಕಾರು ಬಂದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯುತ್ತಿದ್ದ. ಅದರ ಒಳಮೈಗೆ ಬಿಸಿಲು ಧೂಳು ತಾಕುವುದಿಲ್ಲ, ಕಾರು ಹುಟ್ಟಿದಾಗಿನ ಬಣ್ಣ ಅಲ್ಲಿ ಹಾಗೇ ಇರುತ್ತದೆ. ಅದನ್ನು ನೋಡಿಕೊಂಡು ಆಮೇಲೆ ಹೊರಮೈ ನೋಡುತ್ತಿದ್ದ. ಬಣ್ಣ ಕಲಸಿ ಎಡಗೈ ಹೆಬ್ಬೆರಳಿನ ಉಗುರಿಗೆ ಹಚ್ಚಿ, ಆ ಉಗುರನ್ನು ಕಾರಿನ ಮೈಗೆ ಒತ್ತಿ ಹಿಡಿಯುತ್ತಿದ್ದ. ಬಿಸಿಲಲ್ಲಿ ಉಗುರು ಯಾವುದು, ಕಾರು ಯಾವುದು ಅಂತ ಗೊತ್ತಾಗದಿದ್ದರೆ ಬಣ್ಣ ಕೂಡಿತು ಅಂತ ಅರ್ಥ. ಹೀಗಾಗಿ ಅವನು ಕಡೆಗೆ ಮುಟ್ಟಿದ ಕಾರು ಯಾವ ಬಣ್ಣದ್ದು ಎಂದು ಅವನ ಹೆಬ್ಬೆರಳು ನೋಡಿ ಯಾರು ಬೇಕಾದರೂ ಹೇಳಬಹುದಿತ್ತು. "ಆ ಕೈಲೆ ಉಣಬ್ಯಾಡ" ಎಂದು ಹೆಂಡತಿ ಕರೆಮ್ಮ ದಿನಾ ಬೈಯುತ್ತಿದ್ದಳು. ಅವನು ಉಣ್ಣುತ್ತಿದ್ದದ್ದು ಬಲಗೈಯಲ್ಲಿ, ಆದರೂ ಬೈಯುತ್ತಿದ್ದಳು.

ಹುಸೇನಪ್ಪನನ್ನು ಈ ಕೆಲಸಕ್ಕೆ ಹಚ್ಚಿದವಳು ಅವನ ಅಕ್ಕ ಭೀಮವ್ವ. ಅವರ ಊರು ಸಂಡೂರು ಕಡೆಯ ಬಂಡ್ರಿ. ತಾಯಿ ಸತ್ತಾಗ ಹುಸೇನಪ್ಪ ಇನ್ನೂ ಮೊಲೆ ಬಿಡದ ಕೂಸು. ಭೀಮವ್ವ ಅವನನ್ನು ಸೊಂಟದಲ್ಲಿ ಕಟ್ಟಿಕೊಂಡೇ ಗಣಿಗೆ ಹೋಗಿ ಅದಿರಿನ ಕಲ್ಲು ಒಡೆದವಳು. ಅವನು ಕೈಗೆ ಬರುವ ವಯಸ್ಸಿಗೆ ಎಲ್ಲರೂ ಸುತ್ತಿಗೆ ಕೊಡು ಅಂದರು. ಅವಳು ಕೇಳಲಿಲ್ಲ. ಕಿವಿ ಹಿಡಿದು ಹೊಸಪೇಟೆಗೆ ಎಳೆದು ತಂದು ಒಬ್ಬ ಪೇಂಟರ್ ಉಸ್ತಾದನ ಮುಂದೆ ನಿಲ್ಲಿಸಿ, "ಇವ್ನ ಮೈ ಸಾಕಷ್ಟು ಕೆಂಪಾಗೇತ್ರಿ, ಇನ್ನ ಬ್ಯಾರೆ ಬಣ್ಣ ಹಚ್ರಿ" ಅಂದಳಂತೆ. ಹುಸೇನಪ್ಪ ಇದನ್ನು ನೂರು ಸಲ ಹೇಳಿರಬೇಕು. ಹೇಳುವಾಗೆಲ್ಲ ನಗುತ್ತಿದ್ದ, ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದ.

ಆ ಉಸ್ತಾದ್ ಕಲಿಸಿದ್ದೂ ಮುಖ್ಯವಾಗಿ ಒಂದೇ. ಮೇಲಿನ ಬಣ್ಣ ಯಾವ ಕತ್ತೆಯಾದರೂ ಹೊಡೆಯುತ್ತದೆ, ಕೆಲಸ ಇರುವುದು ಬುಡದಲ್ಲಿ. ಕೆಳಗೆ ಹಳೆಯದೇನೂ ಉಳಿಯಬಾರದು. ಕೂದಲೆಳೆಯಷ್ಟು ತುಕ್ಕು, ಬೆರಳಿನಷ್ಟು ಜಿಡ್ಡು ಉಳಿದರೂ ಮಳೆಗಾಲಕ್ಕೆ ಬಣ್ಣ ಬೊಕ್ಕೆ ಎದ್ದು ನಿನ್ನ ಮಾನ ಕಳೆಯುತ್ತದೆ. ಹುಸೇನಪ್ಪ ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ, ಬೇರೆಯವರು ಮೇಲೆಮೇಲೆ ಉಜ್ಜಿ ಹೊಡೆದು ಕಳಿಸುವ ಸಣ್ಣ ಟಚಪ್ಪಿಗೂ ಅವನು ತಗಡು ಕಾಣುವವರೆಗೆ ಉಜ್ಜುತ್ತಿದ್ದ. ಅದೇ ಅವನಿಗೆ ಹೆಸರು ತಂದದ್ದು. ಹೆಸರು ತಂದದ್ದೇ ಅವನ ಕೊರಳಿಗೂ ಬಂತು, ಅದನ್ನೇ ಹೇಳಹೊರಟಿದ್ದೇನೆ.

ಚಳಿಗಾಲದ ಒಂದು ಸೋಮವಾರ. ಹುಸೇನಪ್ಪ ಶೆಡ್ಡಿನ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುವ ಹೊತ್ತಿಗೆ ತಿಪ್ಪೇಶನ ಚಿಕ್ಕ ಬಿಳಿ ಕಾರು ಬಂದು ನಿಂತಿತು. ತಿಪ್ಪೇಶನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಸಂಡೂರು ದಾರಿಯಲ್ಲಿ ಒಂದು ಲಾರಿ ತೂಕದ ಕಟ್ಟೆ. ದಿನವಿಡೀ ಆ ಕಟ್ಟೆಯ ಹತ್ತಿರ ಧೂಳಿನಲ್ಲಿ, ಲಾರಿಗಳ ಹೊಗೆಯಲ್ಲಿ ನಿಲ್ಲುವ ಕಾರು ಅದು. ಮನುಷ್ಯ ಒಳ್ಳೆಯವನೇ. ಬಂದರೆ ಚಹಾ ತರಿಸಿ, ಊರ ಸುದ್ದಿಯೆಲ್ಲ ಹೇಳಿ, ಹುಸೇನಪ್ಪನನ್ನು ರೇಗಿಸಿಯೇ ಹೋಗುವವನು.

ಕಾರಿನ ಎಡಗಡೆ ಮುಂದಿನ ಮೂಲೆ ಒಳಕ್ಕೆ ಹೋಗಿತ್ತು. ಬಣ್ಣ ಕಿತ್ತಿತ್ತು. ಹಿಂದಿನ ವರ್ಷ ತಿಪ್ಪೇಶನ ಹೆಂಡತಿ ಶಾಂಭವಿ ಗೇಟಿನ ಕಂಬಕ್ಕೆ ಉಜ್ಜಿಕೊಂಡು ಬಂದಾಗ ಹುಸೇನಪ್ಪನೇ ಟಚಪ್ ಮಾಡಿಕೊಟ್ಟ ಅದೇ ಮೂಲೆ.

"ಏನ್ರಿ ಸಾವ್ಕಾರ್ರ, ಮತ್ತ ಅದಾ ಮೂಲಿ! ಈ ಸಲಾನೂ ಅಕ್ಕಾರದ್ದೇನು ಪರಾಕ್ರಮ?"

"ಇಲ್ಲೋ ಮಾರಾಯ. ಎಮ್ಮಿ. ನಸುಕಿನ್ಯಾಗ ಅಡ್ಡ ಬಂತು."

"ಅಯ್ಯ! ಎಮ್ಮಿಗೇನಾತ್ರಿ?"

ತಿಪ್ಪೇಶ ಅವನ ಮುಖ ನೋಡಲಿಲ್ಲ. "ಎದ್ದು ಹೋತು" ಅಂದ. ಕೀಲಿಕೈ ಅವನ ಕೈಗೆ ಕೊಟ್ಟು, ಎರಡು ಹೆಜ್ಜೆ ಹೋಗಿ, ತಿರುಗಿ ಮತ್ತೆ ಅಂದ: "ಎದ್ದು ಹೋತಪಾ."

ಮಧ್ಯಾಹ್ನದೊಳಗೆ ಕಾರು ಬೇಕು, ಕಂಪ್ಲಿಗೆ ಹೋಗುವುದಿದೆ ಅಂದ. ಚಹಾ ಬೇಡ ಅಂದ. ಆಟೋ ಹಿಡಿದು ಹೊರಟೇಹೋದ. ಕಾರು ಥಳಥಳ ಹೊಳೆಯುತ್ತಿತ್ತು. ತಿಪ್ಪೇಶ ಅದನ್ನು ತೊಳೆದು ತಂದಿದ್ದ. ಪೇಂಟಿಂಗಿಗೆ ಬಿಡುವ ಕಾರನ್ನು ಯಾರಾದರೂ ತೊಳೆದು ತರುತ್ತಾರೆಯೇ? ನಾವು ನೀವು ಈಗ ಕೇಳುತ್ತೇವೆ. ಹುಸೇನಪ್ಪನಿಗೆ ಆಗ ಅನ್ನಿಸಿದ್ದು ಇಷ್ಟೇ: ಪುಣ್ಯಾತ್ಮ, ನನ್ನ ಒಂದು ಕೆಲಸ ಉಳಿಸಿದ.

ಒಳಗೆ ಹೋದ ತಗಡನ್ನು ಹಿಂದಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಎಬ್ಬಿಸಿದ. ಹೆಡ್‌ಲೈಟಿನ ಸಂದಿಯಲ್ಲಿ ಹಸಿರು ಉಲ್ಲನ್ನಿನ ಒಂದೆಳೆ ಸಿಕ್ಕಿಕೊಂಡಿತ್ತು. ಎಮ್ಮೆಯ ಕೊರಳಿಗೆ ಕಟ್ಟುವ ಗೊಂಡೆಯದು ಅಂದುಕೊಂಡು ಗಾಳಿಯ ಪೈಪು ಹಿಡಿದು ಊದಿದ. ಎಳೆ ಹಾರಿಹೋಯಿತು. ಆಮೇಲೆ ನೀರು ಹಾಕಿ ಉಜ್ಜುವ ವಾಟರ್ ಪೇಪರ್ ತೆಗೆದುಕೊಂಡು ಕೂತ. ಹಿಂದಿನ ವರ್ಷ ತಾನೇ ಹೊಡೆದ ಬಣ್ಣ, ಅದರ ಕೆಳಗೆ ತಗ್ಗು ತುಂಬಿದ್ದ ಪುಟ್ಟಿ ಎಲ್ಲ ಉಜ್ಜಿ ತೆಗೆದು ಬೆಳ್ಳಿಯಂಥ ತಗಡು ಕಾಣಿಸಿದ ಮೇಲೆಯೇ ಸೊಂಟ ನೆಟ್ಟಗೆ ಮಾಡಿದ್ದು. ಥಿನ್ನರಿನ ಬಟ್ಟೆಯಲ್ಲಿ ಒರೆಸಿದ. ಹೊಸ ಪುಟ್ಟಿ ಹಚ್ಚಿದ, ಒಣಗಿಸಿದ, ಮತ್ತೆ ಉಜ್ಜಿದ, ಪ್ರೈಮರ್ ಹೊಡೆದ.

ಬಣ್ಣ ಕೂಡಿಸುವುದು ಆವತ್ತು ಸ್ವಲ್ಪ ಸತಾಯಿಸಿತು. ಒಂದು ಹನಿ ಕೆಂಪಿಗೆ ಬಗ್ಗಲಿಲ್ಲ. ಈ ಕಾರಿನ ಬಿಳಿಯಲ್ಲಿ ಲಾರಿ ಹೊಗೆಯ ಮಸಿಯೂ ಇದೆ ಎಂದು ಹಿಂದಿನ ವರ್ಷವೇ ಕಂಡುಕೊಂಡಿದ್ದ. ಆ ನೆನಪಾಗಿ ಕಡ್ಡಿಯ ತುದಿಯಲ್ಲಿ ಕಪ್ಪನ್ನು ಮುಟ್ಟಿಸಿದ. ಇಂಥ ಕಪ್ಪು ಅವನು ಬೇರೆ ಯಾವ ಬಿಳಿಗೂ ಬೆರೆಸಿದ್ದಿಲ್ಲ. ಉಗುರಿಗೆ ಹಚ್ಚಿ ಬಿಸಿಲಿಗೆ ಹಿಡಿದ. ಉಗುರು ಮಾಯವಾಯಿತು. "ಬಂತು ನೋಡು ಮಗನ!" ಎಂದು ಒಬ್ಬನೇ ಕೂಗಿಕೊಂಡ.

ಕೊನೆಯ ಕೈ ಹೊಡೆಯುವಾಗ ಫೋನು ಬಡಿದುಕೊಳ್ಳತೊಡಗಿತು. ಬಾಗಿಲ ಪಕ್ಕದ ಸ್ಟೂಲಿನ ಮೇಲಿತ್ತು. ಭೀಮವ್ವನ ಮಗಳು ಅನುಸೂಯಾಳ ಹೆಸರು ಬರುತ್ತಿತ್ತು, ಅವನಿಗೆ ಕಂಡಿತು. ಆದರೆ ಸ್ಪ್ರೇ ಗನ್ ಹಿಡಿದ ಕೈ ನಡುವೆ ನಿಂತರೆ ಬಣ್ಣ ಇಳಿಯುತ್ತದೆ, ಮತ್ತೆ ಮೊದಲಿಂದ ಉಜ್ಜಬೇಕು. ಈ ಕೈ ಮುಗಿಯಲಿ, ಮಾಡುತ್ತೇನೆ ಅಂದುಕೊಂಡ. ಫೋನು ನಿಂತಿತು. ಮತ್ತೆ ಬಡಿಯಿತು. ಮತ್ತೆ ನಿಂತಿತು. ಹುಸೇನಪ್ಪ ಉಸಿರು ಬಿಗಿಹಿಡಿದು ಅತ್ತಿಂದಿತ್ತ, ಇತ್ತಿಂದತ್ತ ಕೈ ಆಡಿಸುತ್ತಲೇ ಇದ್ದ. ಮುಗಿಸಿ ಹಿಂದೆ ಸರಿದು ನೋಡಿದಾಗ ಏಟು ಬಿದ್ದ ಜಾಗ ಯಾವುದೆಂದು ಅವನಿಗೇ ಗುರುತು ಹತ್ತಲಿಲ್ಲ. ಅದು ಅವನ ಜೀವಮಾನದಲ್ಲೇ ಚೆಂದದ ಕೆಲಸ. ಹೆಮ್ಮೆಯಿಂದಲೇ ತಿರುಗಿ ಫೋನು ಹಚ್ಚಿದ.

"ಮಾಮಾ" ಅಂದಳು ಅನುಸೂಯಾ. ಆಮೇಲೆ ಅಳತೊಡಗಿದಳು.

ಭೀಮವ್ವ ಸಂಡೂರು ಕಡೆಯ ಕುರೆಕುಪ್ಪದಲ್ಲಿ ಮಗಳ ಜೊತೆ ಇದ್ದಳು. ಫ್ಯಾಕ್ಟರಿ ಕೂಲಿಕಾರರ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಕೆಲಸ. ದಿನಾ ನಸುಕಿನಲ್ಲಿ ರಸ್ತೆ ಬದಿಗೆ ನಡೆದು ಹೋಗುವವಳನ್ನು ಆವತ್ತು ಯಾವುದೋ ಗಾಡಿ ಹೊಡೆದು ಹೋಗಿತ್ತು. ಬೆಳಕು ಹರಿದ ಮೇಲೆ ಹಾಲಿನವನೊಬ್ಬ ನೋಡಿ ಜನ ಕೂಡಿಸಿ ಬಳ್ಳಾರಿಗೆ ಸಾಗಿಸಿದ್ದರು. ಹುಸೇನಪ್ಪ ಕೀಲಿಕೈಯನ್ನು ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಕೊಟ್ಟು ಸಿಕ್ಕ ಬಸ್ಸು ಹಿಡಿದು ಓಡಿದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಕ್ಕನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

"ಒಂದ್ ಸಲ ಕಣ್ಣು ತೆಗೆದಿದ್ಲು ಮಾಮಾ" ಅಂದಳು ಅನುಸೂಯಾ. "ಹುಸೇನಿ ಎಲ್ಲಿ ಅಂದ್ಲು. ಅದಕ್ಕ ಮ್ಯಾಲಿಂದ ಮ್ಯಾಲ ಫೋನ್ ಹಚ್ಚಿದೆ. ನೀನು ಎತ್ತಲಿಲ್ಲ."

ಹುಸೇನಪ್ಪ ಫೋನು ತೆಗೆದು ಅವಳ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿದ.

"ಯಾ ಗಾಡಿ ಯವ್ವಾ ಅಂತ ಕೇಳಿದೆ. 'ಬಿಳೀದು' ಅಂದ್ಲು. ಅಷ್ಟಾ. ಬಿಳೀವು ಈ ಜಿಲ್ಲಾದಾಗ ಎಷ್ಟ ಸಾವಿರ ಅದಾವೋ ಏನೋ."

ಆಸ್ಪತ್ರೆಯವರು ಕೊಟ್ಟ ಗಂಟು ಅವಳ ಮಡಿಲಲ್ಲಿತ್ತು. ಅದನ್ನು ಬಿಚ್ಚಿ ಒಂದೊಂದೇ ತೆಗೆದು ಅವನ ಮುಂದೆ ಇಟ್ಟಳು. ಒಡೆದ ಬಳೆ, ಒಂದು ಚಪ್ಪಲಿ. ಹಿಂದಿನ ಚಳಿಗಾಲದಲ್ಲಿ ಹುಸೇನಪ್ಪನೇ ಕೊಡಿಸಿದ್ದ ಹಸಿರು ಉಲ್ಲನ್ನಿನ ಸ್ಕಾರ್ಫು, ಒಂದು ಕಡೆ ಕಿತ್ತು ಎಳೆ ಎದ್ದಿತ್ತು. ಕೊನೆಗೆ ಸ್ಟೀಲಿನ ಬುತ್ತಿ ಡಬ್ಬಿ. ಅದು ನೆಗ್ಗಿತ್ತು. ನೆಗ್ಗಿದಲ್ಲಿ ಉದ್ದಕ್ಕೆ ಒಂದು ಬಿಳಿ ಗೀರು.

ಬಿಳಿ ಕಂಡರೆ ಹುಸೇನಪ್ಪನ ಕಣ್ಣು ಸುಮ್ಮನಿರುವುದಿಲ್ಲ, ಅದು ಅವನ ಹಣೆಬರಹ. ಅಕ್ಕನ ಹೆಣ ಮುಂದಿದ್ದರೂ ಆ ಕಣ್ಣು ತನ್ನ ಕೆಲಸ ಮಾಡಿತು. ಕೆಂಪು ಇದೆ, ಅಂದಿತು. ಕಪ್ಪೂ ಇದೆ, ಅಂದಿತು. ಹುಸೇನಪ್ಪ ಡಬ್ಬಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದ. ಗೀರಿನ ಪಕ್ಕಕ್ಕೆ ಎಡಗೈ ಹೆಬ್ಬೆರಳು ಒತ್ತಿ ಬಿಸಿಲಿಗೆ ಹಿಡಿದ. ಉಗುರು ಮಾಯವಾಯಿತು.

"ಎಮ್ಮಿ" ಅಂದ. "ಎಮ್ಮಿ ಅಂದನಲ್ಲವ್ವ ಅವ್ನು! ಎದ್ದು ಹೋತು ಅಂದನಲ್ಲ!" ಎಂದು ಆ ವಾರ್ಡಿನ ಜನವೆಲ್ಲ ತಿರುಗುವ ಹಾಗೆ ಚೀರಿ, ಬುತ್ತಿ ಡಬ್ಬಿಯಿಂದ ತನ್ನ ಹಣೆ ಹಣೆ ಬಡಿದುಕೊಂಡ. ಅನುಸೂಯಾ ಅವನ ಕೈ ಹಿಡಿದು ನಿಲ್ಲಿಸಬೇಕಾಯಿತು. ಬಿಕ್ಕುತ್ತ ಎಲ್ಲ ಹೇಳಿದ. ತೊಳೆದು ತಂದ ಕಾರು, ಊದಿದ ಎಳೆ, ಎತ್ತದ ಫೋನು, ಒಂದನ್ನೂ ಬಚ್ಚಿಡಲಿಲ್ಲ. ಅನುಸೂಯಾ ಕೇಳಿಸಿಕೊಂಡಳು. ಅವಳ ಅಳು ನಿಂತುಹೋಗಿತ್ತು.

"ಅವ್ವನ್ನ ಹೊಡೆದದ್ದನ್ನ ನೀನಾ ಮುಚ್ಚಿದ್ಯಾ ಮಾಮಾ?" ಅಂದಳು.

ಮಣ್ಣು ಮಾಡಿದ ಮಾರನೆಯ ದಿನ ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಅಲ್ಲಿನ ಎಸ್ಸೈ ಚಿಕ್ಕ ವಯಸ್ಸಿನವನು, ತಾಳ್ಮೆಯವನು. ಪೂರಾ ಕೇಳಿದ. ಆ ದಾರಿಯಲ್ಲಿ ಕ್ಯಾಮೆರಾ ಇಲ್ಲ, ನೋಡಿದವರಿಲ್ಲ, ಅಂದ. ಆದರೂ ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊಸಪೇಟೆಗೆ, ತಿಪ್ಪೇಶನ ಮನೆಗೆ ಬಂದ. ಹುಸೇನಪ್ಪನ ಜೇಬಿನಲ್ಲಿ ವಾಟರ್ ಪೇಪರಿನ ತುಂಡುಗಳಿದ್ದವು. ಬಾಯಿ ನಂಬದಿದ್ದರೆ ಬೇಡ, ಬಣ್ಣ ತೆಗೆದರೆ ಏಟು ತಾನಾಗಿ ಮಾತಾಡುತ್ತದೆ ಎಂದು ಅವನ ನಂಬಿಕೆ. ಅಕ್ಕನಿಗೆ ಮಾಡಬಹುದಾದದ್ದು ಇನ್ನೇನೂ ಉಳಿದಿರಲಿಲ್ಲ. ಹೊಡೆದವನ ಬಾಯಿಂದ ನಾನು ಹೊಡೆದೆ ಅನ್ನಿಸಬೇಕು, ಅದೊಂದೇ.

ಕಾರು ಅಂಗಳದಲ್ಲೇ ನಿಂತಿತ್ತು. ಎಸ್ಸೈ ಸುತ್ತು ಬಂದ. ಬಗ್ಗಿ ನೋಡಿದ, ಬೆರಳಾಡಿಸಿದ, ದೂರ ಸರಿದು ಬಿಸಿಲಿಗೆ ಅಡ್ಡ ನಿಂತು ನೋಡಿದ.

"ಎಲ್ಲಿ?" ಅಂದ.

"ಇಲ್ಲೇ ರೀ ಸರ. ನಿಮ್ಮ ಕೈ ಇರೋದಾ ಅದರ ಮ್ಯಾಲ."

"ಏನಿಲ್ಲಲ್ಲಪ್ಪ. ಇದು ಕಂಪನಿ ಬಣ್ಣ ಇದ್ದಂಗ ಐತಿ."

ಬದುಕಿನುದ್ದಕ್ಕೂ ಜನರ ಬಾಯಲ್ಲಿ ಇದೊಂದು ಮಾತು ಕೇಳುವುದಕ್ಕಾಗಿ ದುಡಿದವನು ಹುಸೇನಪ್ಪ. ಆವತ್ತು ಅದನ್ನು ಕೇಳಿದವನೇ ಜೇಬಿನಿಂದ ಪೇಪರ್ ತೆಗೆದ. ಬಕೆಟ್ಟಿನಲ್ಲಿ ನೀರು ಕೇಳಿದ. ಯಾರೂ ಕೊಡಲಿಲ್ಲ. ತಾನೇ ಅಂಗಳದ ನಲ್ಲಿಗೆ ಹೋಗಿ ಪೇಪರ್ ತೋಯಿಸಿಕೊಂಡು ಬಂದು ಮೊಣಕಾಲೂರಿ ಉಜ್ಜತೊಡಗಿದ. ಶಾಂಭವಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ತಿಪ್ಪೇಶ ಬೇಡ ಅನ್ನಲಿಲ್ಲ. ಮೂರೇ ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು.

ಮೇಲಿನ ಹೊಳಪು ಹೋಯಿತು. ಬಿಳಿ ಹೋಯಿತು, ಹಾಲಿನಂತೆ ಅಂಗಳದಲ್ಲಿ ಹರಿಯಿತು. ಪ್ರೈಮರ್ ಹೋಯಿತು. ಪುಟ್ಟಿ ಕಂಡಿತು. "ನೋಡ್ರಿ ಸರ, ಪುಟ್ಟಿ! ಏಟು ಬೀಳದ ಪುಟ್ಟಿ ಯಾಕ ಹಚ್ಚತಾರ್ರಿ?" ಎಂದು ಹುಸೇನಪ್ಪ ಕೂಗಿದ.

ತಿಪ್ಪೇಶ ಮೊದಲ ಸಲ ಬಾಯಿ ತೆರೆದ. "ಅದು ಹೋದ ವರ್ಷದ್ದು ಸರ. ನಮ್ಮಾಕಿ ಗೇಟಿಗೆ ಉಜ್ಜಿದ್ಲು. ಇವ್ನಾ ಮಾಡಿಕೊಟ್ಟಿದ್ದ. ಕೇಳ್ರಿ ಅವನ್ನಾ."

"ಹೌದೇನಪ್ಪ?"

ಹೌದು. ಹುಸೇನಪ್ಪ ಹೇಗೆ ಇಲ್ಲ ಅಂದಾನು? ಮಾಡಿದ್ದು ನಿಜ. "ಆದ್ರ ಅದನ್ನೆಲ್ಲ ಸೋಮವಾರ ತೆಗೆದೆನ್ರಿ, ಇದು ಹೊಸಾದು" ಅಂದ. ಹಳೆಯದು ಯಾವುದು, ಹೊಸದು ಯಾವುದು ಎಂದು ಎಸ್ಸೈ ಕೇಳಿದ. ಹುಸೇನಪ್ಪನ ಕೆಲಸಕ್ಕೆ ಹಳೆಯದು ಹೊಸದು ಎಂಬ ಭೇದ ಇದ್ದರಲ್ಲವೇ ತೋರಿಸುವುದು? ಶೆಡ್ಡಿನಲ್ಲಿ ಕಾರು ಬಿಟ್ಟದ್ದನ್ನು ಕಂಡವರು ಯಾರು ಎಂದೂ ಕೇಳಿದ. ಕೀಲಿಕೈ ಇಟ್ಟುಕೊಂಡಿದ್ದ ಪಂಕ್ಚರ್ ಅಂಗಡಿಯವನನ್ನು ಆ ಬೆಳಿಗ್ಗೆಯೇ ವಿಚಾರಿಸಿಯಾಗಿತ್ತು. ಅವನು ಸಾವುಕಾರರ ತಂಟೆ ಬೇಡವೆಂದು ಯಾವ ಕೀಲಿಕೈಯೂ ಗೊತ್ತಿಲ್ಲ ಎಂದುಬಿಟ್ಟಿದ್ದ.

ಹುಸೇನಪ್ಪ ಪುಟ್ಟಿಯನ್ನೂ ಉಜ್ಜಿದ. ಬೆರಳ ತುದಿಯ ಚರ್ಮ ಕಿತ್ತು ನೀರು ಕೆಂಪಾಗಿ ಹರಿಯಿತು, ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ತಗಡು ಬಂತು. ನುಣುಪಾದ, ಕನ್ನಡಿಯಂಥ ತಗಡು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ, ಅಕ್ಕನ ಡಬ್ಬಿ ತಾಕಿದ ಗುರುತಿಲ್ಲ. ಉಸ್ತಾದ್ ಹೇಳಿಕೊಟ್ಟ ಹಾಗೆಯೇ ಬುಡದಲ್ಲಿ ಹಳೆಯದೇನನ್ನೂ ಅವನು ಉಳಿಸಿರಲಿಲ್ಲ. ಅದರಲ್ಲಿ ಅವನ ಮುಖವೇ ಮಸಕಾಗಿ ಕಾಣುತ್ತಿತ್ತು.

"ಡಬ್ಬಿ ಮ್ಯಾಲಿನ ಬಣ್ಣ ರೀ ಸರ" ಅಂದ. ಈಗ ದನಿಯಲ್ಲಿ ಬಲವಿರಲಿಲ್ಲ. "ಅದು ನನ್ನ ಬಣ್ಣ. ಹೋದ ವರ್ಷ ಈ ಮೂಲಿಗೆ ಹೊಡೆದದ್ದು. ಆ ಕಪ್ಪು ಬ್ಯಾರೆ ಯಾ ಬಿಳಿಗೂ ಹಾಕಿಲ್ರಿ."

"ಡಬ್ಬಿ ಪರೀಕ್ಷೆಗೆ ಕಳಸ್ತೀನಪ್ಪ. ನಿನ್ನ ಬಣ್ಣ ಅಂತಾನ ಬರಬಹುದು. ಆದ್ರ ನಿನ್ನ ಬಣ್ಣ ಊರಾಗ ಎಷ್ಟು ಗಾಡಿ ಮ್ಯಾಲ ಐತಿ? ಕಪ್ಪು ಇದೊಂದಕ್ಕಾ ಹಾಕಿದಿ ಅನ್ನಾಕ ನಿನ್ನ ಮಾತು ಬಿಟ್ರ ಏನೈತಿ? ಇಲ್ಲಿಯ ಹಳೇ ಬಣ್ಣ ಒಂದು ಚೂರು ಇದ್ದಿದ್ರ ತಾಳೆ ಹಚ್ಚಬಹುದಿತ್ತು. ನೀನಾ ತೆಗೆದೆ ಅಂತಿ." ಎಸ್ಸೈಗೆ ನಿಜಕ್ಕೂ ಬೇಸರವಾಗಿತ್ತು. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನೋಡೋಣು. ಬರ್ರಿ" ಎಂದು ಜೀಪಿನ ಕಡೆ ನಡೆದ. ಅನುಸೂಯಾ ಅವನ ಹಿಂದೆ ಗೇಟು ದಾಟಿ ಹೋದಳು.

ಹುಸೇನಪ್ಪನಿಗೆ ಏಳಲಾಗಲಿಲ್ಲ. ಅಲ್ಲೇ ಕೂತಿದ್ದ. ತಿಪ್ಪೇಶ ಹತ್ತಿರ ಬಂದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕಾರಿನ ಬರಿ ತಗಡು ಇಬ್ಬರ ನಡುವೆ ಹೊಳೆಯುತ್ತಿತ್ತು.

"ಎದ್ದು ಕುಂತಿದ್ಲು ಹುಸೇನಪ್ಪ" ಅಂದ. "ನಿನ್ನ ಅಕ್ಕ ಅಂತ ಗೊತ್ತಿರಲಿಲ್ಲ, ನನ್ನ ಮಕ್ಕಳಾಣೆ. ಮುಂದ ಹೋಗಿ ನಿಲ್ಲಿಸಿ ಕನ್ನಡಿಯಾಗ ನೋಡಿದೆ. ಎದ್ದು ಕುಂತಿದ್ಲು. ನನ್ನ ಗಾಡಿ ಕಡೇನಾ ನೋಡಾಕತ್ತಿದ್ಲು, ಕೈ ಮಾಡಿದ್ಲು. ಎದ್ದು ಕುಂತಾಳ, ಏನಾಗಿಲ್ಲ ಅಂತ ಬಂದುಬಿಟ್ಟೆ."

"ಇದನ್ನ ಅವರ ಮುಂದ ಹೇಳ್ರಿ" ಅಂದ ಹುಸೇನಪ್ಪ.

ತಿಪ್ಪೇಶ ತಲೆ ಅಲ್ಲಾಡಿಸಿದ. ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಂಡಿತು.

ಎಷ್ಟೋ ಹೊತ್ತಿನ ಮೇಲೆ ಹುಸೇನಪ್ಪ ಗೋಡೆ ಹಿಡಿದುಕೊಂಡು ಎದ್ದು ಹೊರಗೆ ಬಂದ. ಜೀಪಿನ ಪಕ್ಕದಲ್ಲಿ ಅನುಸೂಯಾ ನಿಂತಿದ್ದಳು. ಅವನ ಬೆರಳುಗಳಿಂದ ರಕ್ತ ಸುರಿಯುವುದು ನೋಡಿ ಓಡಿ ಬಂದು ತನ್ನ ವೇಲಿನ ಅಂಚು ಸುತ್ತಿದಳು. ಆ ಸೋಮವಾರದ ಮೇಲೆ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಅಂಗಳದಾಗ ಪಕ್ಕಕ್ಕ ಕುಂತು ಏನೋ ಅಂದನಲ್ಲ ಮಾಮಾ ಅವ್ನು. ಏನಂದ?"

ಹೇಳಬೇಕಿತ್ತು. ಅಲ್ಲೇ ಎಸ್ಸೈ ಇದ್ದ, ಕರೆದು ಹೇಳಬಹುದಿತ್ತು. ಕೇಳಿದರೆ ತಿಪ್ಪೇಶ ನಾನು ಹಾಗೆ ಅಂದೇ ಇಲ್ಲ ಅನ್ನುತ್ತಿದ್ದನೇನೋ, ಅದು ಬೇರೆ ಮಾತು. ಆದರೆ ಹುಸೇನಪ್ಪನ ಕಣ್ಣ ಮುಂದೆ ಇದ್ದದ್ದು ಎಸ್ಸೈಯೂ ಅಲ್ಲ, ತಿಪ್ಪೇಶನೂ ಅಲ್ಲ. ನಸುಕಿನ ಚಳಿಯಲ್ಲಿ ರಸ್ತೆ ಬದಿಗೆ ಎದ್ದು ಕೂತು, ನಿಂತ ಕಾರಿಗೆ ಕೈ ಮಾಡುತ್ತಿರುವ ಅಕ್ಕ. ಆಗಲೇ ಎತ್ತಿಕೊಂಡಿದ್ದರೆ ಬದುಕುತ್ತಿದ್ದವಳು. ಅದನ್ನು ತಾನು ಸಾಯುವವರೆಗೆ ನೋಡುತ್ತಿರಬೇಕು, ಅದು ಸರಿ. ಈ ಹುಡುಗಿಯೂ ನೋಡಬೇಕೇ?

"ಏನಿಲ್ಲವ್ವ. ನಡಿ" ಅಂದ.

ಅದನ್ನೂ ಅಷ್ಟೇ ಚೊಕ್ಕವಾಗಿ ಮುಚ್ಚಿದ. ಅನುಸೂಯಾಗೆ ಇವತ್ತಿಗೂ ಗೊತ್ತಿಲ್ಲ.